ದೂರ ಗೊತ್ತಿದ್ದರೆ ಬೆಳಕು ಗೊತ್ತು

ರೇಂಜ್‌ಫೈಂಡರ್ ಕ್ಯಾಮೆರಾ ಹಿಡಿದವರಿಗೆ ಫ್ಲಾಶ್ ಎಂದರೆ ಮೈಲಿಗೆ. ಸಿಕ್ಕ ಬೆಳಕಲ್ಲೇ ತೆಗೆಯಬೇಕೆಂಬ ಈ ಮಡಿಗೆ ದೊಡ್ಡ ಗುರು ಹೆನ್ರಿ ಕಾರ್ಟಿಯೆ ಬ್ರೆಸೋ. ಆತನಿಗೆ ಫ್ಲಾಶ್ ಹೊಡೆಯುವುದೇ ಅಸಭ್ಯತನ. ಆತನದೇ ಥರದ ಲೈಕಾ ರೇಂಜ್‌ಫೈಂಡರ್ ಹಿಡಿದು, ಎಡಗೈಲಿ ಫ್ಲಾಶ್ ಎತ್ತಿ ನ್ಯೂಯಾರ್ಕಿನ ಬೀದಿಜನರ ಮುಖಕ್ಕೇ ಹೊಡೆದವನು ಬ್ರೂಸ್ ಗಿಲ್ಡನ್. ನನಗೆ ಇಬ್ಬರದೂ ಅತಿ ಅನಿಸುತ್ತದೆ. ಲೋಕಿಕೆರೆಯಂಥ ಊರಿನ ಹಳೆಯ ಮಾಳಿಗೆ ಮನೆಯಲ್ಲಿ ಅರಿಸಿನ ಶಾಸ್ತ್ರ ನಡೆದಿದೆ ಎನ್ನಿ. ಬೆಳಕಿಂಡಿಯೊಂದು ಬಿಟ್ಟರೆ ಅಲ್ಲಿ ಸಿಕ್ಕ ಬೆಳಕೆಲ್ಲಿದೆ?

ನಿಜಕ್ಕೆ ಫ್ಲಾಶಿಗೆ ರೇಂಜ್‌ಫೈಂಡರಿಗಿಂತ ಒಗ್ಗುವ ಕ್ಯಾಮೆರಾ ಇಲ್ಲ. ಎಸ್‌ಎಲ್‌ಆರ್‌ನಲ್ಲಿ ಕ್ಲಿಕ್ಕಿಸುವ ಕ್ಷಣಕ್ಕೆ ಕನ್ನಡಿ ಮೇಲೆದ್ದು ಕಣ್ಣೆದುರು ಕತ್ತಲು. ಇಲ್ಲಿ ಮಿಂಚು ಮುಖದ ಮೇಲೆ ಬಿದ್ದದ್ದೂ, ಮದುಮಗಳು ಕಣ್ಣು ಮುಚ್ಚಿದ್ದೂ ಕಾಣುತ್ತದೆ. ಇನ್ನು ಲೆಕ್ಕ. ಫೋಕಸ್ ಮಾಡಿದರೆ ದೂರ ಲೆನ್ಸಿನ ಮೇಲೆಯೇ ಬರೆದಿರುತ್ತದೆ. ಫ್ಲಾಶಿನ ಶಕ್ತಿ ಹೇಳುವ ಗೈಡ್ ನಂಬರನ್ನು ಆ ದೂರದಿಂದ ಭಾಗಿಸಿದರೆ ಅಪರ್ಚರ್ ಸಿಕ್ಕಿತು: 28ರ ಫ್ಲಾಶು, ಮೂರೂವರೆ ಮೀಟರು, ಎಫ್8. 1972ರ ಕ್ಯಾನನೆಟ್ ಕ್ಯೂಎಲ್17 ಜಿ-3ಕ್ಕೆ ಕ್ಯಾನೊಲೈಟ್-ಡಿ ಫ್ಲಾಶ್ ಹಾಕಿದರೆ ಈ ಭಾಗಾಕಾರವನ್ನೂ ಕ್ಯಾಮೆರಾವೇ ಮಾಡುತ್ತದೆ.

ಆದರೆ ಫ್ಲಾಶನ್ನು ಕ್ಯಾಮೆರಾದ ನೆತ್ತಿಯ ಮೇಲಿಡಬೇಡಿ. ಮುಖ ಸುಣ್ಣ ಬಳಿದಂತಾಗುತ್ತದೆ. ಸಿಂಕ್ ತಂತಿ ಹಾಕಿ ಕೈಯಲ್ಲಿ ಹಿಡಿದು, ಪಕ್ಕದ ಗೋಡೆಗೆ ಹೊಡೆಯಿರಿ. ಮೇಲಕ್ಕಲ್ಲ, ಹೊಗೆ ಹಿಡಿದ ಜಂತಿ ಬೆಳಕನ್ನೆಲ್ಲ ನುಂಗುತ್ತದೆ. ಫ್ಲಾಶಿನಿಂದ ಗೋಡೆ, ಗೋಡೆಯಿಂದ ಮುಖ, ಎರಡೂ ದೂರ ಕೂಡಿಸಿ ಭಾಗಿಸಿ, ಮತ್ತೆ ಎರಡು ಸ್ಟಾಪ್ ತೆರೆಯಿರಿ. ಎಫ್8 ಬಂದರೆ ಎಫ್4. ಸುಣ್ಣಕ್ಕೆ ನೀಲಿ ಹೆಚ್ಚಾಗಿ ಬೆರೆಸಿದ್ದರೆ ಕಲರ್ ಫಿಲಂನಲ್ಲಿ ಅರಿಸಿನ ಹಚ್ಚಿದ ಕೆನ್ನೆಯೂ ಕಳೆಗುಂದುತ್ತದೆ. ಅಲ್ಲಿ ಕಪ್ಪು ಬಿಳುಪೇ ವಾಸಿ.

ಹರಿಹರೇಶ್ವರ ಗುಡಿಯದು ಬೇರೆಯೇ ಪಾಠ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ್ದು. ಮಂಟಪದ ಕಡೆದ ಕಂಬಗಳಿಗೆ ನೇರ ಹೊಡೆದರೆ ನುಣುಪಿನ ಮೇಲೆ ಬಿಳಿ ಪಟ್ಟಿ ಮಾತ್ರ ಉಳಿಯುತ್ತದೆ; ಓರೆಯಿಂದ ಕೊಟ್ಟರೆ ಕಡೆದ ಗೆರೆಗಳೆಲ್ಲ ಎದ್ದು ಬರುತ್ತವೆ. ಅನುಮತಿ ಮೊದಲು ಕೇಳಿ. ಗರ್ಭಗುಡಿಯ ಕಡೆ ಮಾತ್ರ ತಿರುಗಿಸಲೇ ಬೇಡಿ.

ಬಯಲಿನ ಮಟಮಟ ಮಧ್ಯಾಹ್ನಕ್ಕೆ ಮಾತ್ರ ಲೈಕಾ ಸೋಲುತ್ತದೆ. 1954ರ ಎಂ3ಯಿಂದ ಎಂ6ರವರೆಗೆ ಅದರ ಶಟರಿನ ಬಟ್ಟೆಯ ಪರದೆ 1/50ಕ್ಕಿಂತ ವೇಗದಲ್ಲಿ ಪೂರ್ತಿ ತೆರೆಯುವುದಿಲ್ಲ. ಐಎಸ್‌ಒ 100ರ ಫಿಲಂಗೆ ಆ ವೇಗದಲ್ಲಿ ಎಫ್22 ಬೇಕು, ಬಹಳಷ್ಟು ಲೈಕಾ ಲೆನ್ಸುಗಳು ಎಫ್16ಕ್ಕೇ ನಿಲ್ಲುತ್ತವೆ. ಅಗ್ಗದ ಕ್ಯಾನನೆಟ್‌ನ ಎಲೆ ಶಟರು 1/500ರಲ್ಲೂ ಫ್ಲಾಶಿಗೆ ಒಗ್ಗುತ್ತದೆ. ಮುಂಡಾಸಿನ ನೆರಳು ಬಿದ್ದ ರೈತನ ಮುಖಕ್ಕೆ 1/500, ಎಫ್8 ಇಟ್ಟು, ಫ್ಲಾಶಿನ ಬಾಯಿಗೆ ಬಿಳಿ ಕರ್ಚೀಫು ಹೊದಿಸಿ ಹೊಡೆದರೆ ಕಣ್ಣೂ ಕಾಣುತ್ತದೆ, ನೆರಳೂ ಉಳಿಯುತ್ತದೆ. ಈ ಒಂದು ಕೆಲಸಕ್ಕೆ ಕ್ಯಾನನೆಟ್ಟೇ ಮೇಲು, ಲೈಕಾ ಭಕ್ತರು ಬೈದುಕೊಳ್ಳಲಿ.

ಹಳೇ ಫ್ಲಾಶು ಕೊಂಡವರು ಅದನ್ನು ಡಿಜಿಟಲ್ ಕ್ಯಾಮೆರಾಕ್ಕೆ ಸಿಕ್ಕಿಸುವ ಮುನ್ನ ಚಾರ್ಜ್ ಮಾಡಿ, ಅಡಿಯ ಬಿಂದುಗಳಿಗೆ ಮಲ್ಟಿಮೀಟರ್ ಹಿಡಿದು ನೋಡಿ. ಕೆಲವು 200 ವೋಲ್ಟ್ ದಾಟುತ್ತವೆ, ಕ್ಯಾಮೆರಾದ ಸರ್ಕಿಟ್ ಸುಟ್ಟೀತು.