ಚೀಟಿಯಲ್ಲಿ ಕಾಣದ ಕೆಮ್ಮು

ಮರೆವಿನ ಕಾಯಿಲೆಗೆ ಕೊಡುವ ಡೊನೆಪೆಜಿಲ್, ರಿವಾಸ್ಟಿಗ್ಮಿನ್‌ನಂಥ ಔಷಧಿಗಳ ಕುರಿತು ಕೆನಡಾದ ಒಂಟಾರಿಯೊದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಇವನ್ನು ತೆಗೆದುಕೊಂಡ ವೃದ್ಧರಲ್ಲಿ ಶೇ 4.5ರಷ್ಟು ಮಂದಿಗೆ ಮುಂದೆ ಮೂತ್ರದ ಹತೋಟಿ ತಪ್ಪಿದ್ದಕ್ಕೆ ಇನ್ನೊಂದು ಔಷಧಿ ಬರೆಯಲಾಗಿತ್ತು. ತೆಗೆದುಕೊಳ್ಳದವರಲ್ಲಿ ಅದು ಶೇ 3.1. ಮೊದಲನೆಯದು ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ತಡೆದು ಮೈಯಲ್ಲಿ ನರಗಳ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಉಳಿಸುತ್ತದೆ, ಎರಡನೆಯದು ಅದೇ ಅಸಿಟೈಲ್‌ಕೋಲಿನ್ ಕೆಲಸ ಮಾಡದಂತೆ ತಡೆಯುತ್ತದೆ. ಅಡ್ಡಪರಿಣಾಮವನ್ನು ಹೊಸ ರೋಗವೆಂದು ತಿಳಿದು ಮದ್ದಿನ ಮೇಲೆ ಮದ್ದು ಕೊಡುವ ಈ ರೂಢಿಯನ್ನು ಅಂಕಿಗಳಲ್ಲಿ ಹಿಡಿದು ತೋರಿಸಿದ್ದು ದೊಡ್ಡ ಕೆಲಸ.

ಆದರೆ ಇದೇ ಔಷಧಿಗಳಿಂದ ಬರಬಹುದಾದ ಕೆಮ್ಮು? ಅಸಿಟೈಲ್‌ಕೋಲಿನ್ ಹೆಚ್ಚಾದರೆ ಶ್ವಾಸನಾಳ ಬಿಗಿಯುತ್ತದೆ, ಕಫ ಸುರಿಯುತ್ತದೆ. ಅದಕ್ಕೇ ಅಸ್ತಮಾ ಇದ್ದವರಿಗೆ ಈ ಔಷಧಿಗಳನ್ನು ಎಚ್ಚರದಿಂದ ಕೊಡಬೇಕು. 2012ರ ಇನ್ನೊಂದು ಒಂಟಾರಿಯೊ ಅಧ್ಯಯನ ಸಿಒಪಿಡಿ ಎಂಬ ದೀರ್ಘಕಾಲದ ದಮ್ಮಿನ ಕಾಯಿಲೆಯೂ ಮರೆವೂ ಇದ್ದವರನ್ನು ನೋಡಿ, ಆಸ್ಪತ್ರೆ ಸೇರುವ ಅಪಾಯ ಹೆಚ್ಚಿಲ್ಲ ಎಂದಿತು. ಸಮಾಧಾನದ ಮಾತೇ. ಆದರೂ ಅದು ಎಣಿಸಿದ್ದು ಆಸ್ಪತ್ರೆಗೆ ಬಂದವರನ್ನು. ರಾತ್ರಿಯೆಲ್ಲ ಕೆಮ್ಮಿ, ಬೆಳಿಗ್ಗೆ ಮನೆಯಲ್ಲೇ ಉಳಿದವರು ಆ ಲೆಕ್ಕಕ್ಕೆ ಸಿಗುವುದಿಲ್ಲ.

ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಕಡೆ ಈ ಕೊರತೆ ಇನ್ನೂ ದೊಡ್ಡದು. ಮರೆವಿನ ಗುಳಿಗೆ ಬರೆದ ಡಾಕ್ಟರು ಕಲಬುರಗಿಯಲ್ಲೋ ಹೈದರಾಬಾದಿನಲ್ಲೋ ಇರುತ್ತಾರೆ. ಕೆಮ್ಮು ಶುರುವಾದಾಗ ಮಗ ಹೋಗುವುದು ಬಸ್ ಸ್ಟ್ಯಾಂಡ್ ಹತ್ತಿರದ ಮೆಡಿಕಲ್ಲಿಗೆ. “ಅಪ್ಪಗ ಕೆಮ್ಮು ಭಾಳ ಆಗ್ಯಾದ್ರಿ” ಎಂದರೆ ಸಿರಪ್ ಕೈಗೆ ಬರುತ್ತದೆ, ಚೀಟಿ ಯಾರೂ ಕೇಳುವುದಿಲ್ಲ. ಡೈಫೆನ್‌ಹೈಡ್ರಮಿನ್ ಇರುವ ಸಿರಪ್ಪಾದರೆ ಅದು ಅಸಿಟೈಲ್‌ಕೋಲಿನ್ ತಡೆದು ಮರೆವನ್ನೇ ಹೆಚ್ಚಿಸಬಲ್ಲದು. ಒಂಟಾರಿಯೊದವರಿಗೆ ಔಷಧಿಯ ಸರ್ಕಾರಿ ದಾಖಲೆ ಇತ್ತು. ಇಲ್ಲಿ ಈ ಸಿರಪ್ಪಿಗೆ ದಾಖಲೆಯೇ ಇಲ್ಲ. ಅವರ ವಿಧಾನವನ್ನು ಹಾಗೇ ಇಲ್ಲಿಗೆ ತಂದರೆ ಏನೂ ಸಿಗದು.

ಇಲ್ಲಿ ಕೆಮ್ಮಿಗೆ ಹೊಲದಿಂದಲೂ ಕಾರಣ ಬರಬಹುದು. ತೊಗರಿಯ ಕಾಯಿಕೊರಕಕ್ಕೆ ಹೊಡೆಯುವ ಪ್ರೊಫೆನೋಫಾಸ್, ಕ್ಲೋರ್‌ಪೈರಿಫಾಸ್ ಕೂಡ ತಡೆಯುವುದು ಇದೇ ಕೋಲಿನೆಸ್ಟರೇಸ್ ಕಿಣ್ವವನ್ನು. ವಿಷ ಏರಿದರೆ ಜೊಲ್ಲು, ಕಫ, ಕೆಮ್ಮು, ಎದೆ ಬಿಗಿತ. ಬೆನ್ನಿಗೆ ಪಂಪು ಕಟ್ಟಿ ಎಣ್ಣೆ ಹೊಡೆಯುವ ಹೊಲದ ಬದುವಿನಲ್ಲೇ ಗುಳಿಗೆ ನುಂಗುವ ಮುದುಕರು ಕೂತಿರುತ್ತಾರೆ. ನಗರದ ರೋಗಿಗಳನ್ನಷ್ಟೇ ನೋಡುವ ಸಂಶೋಧನೆಗೆ ಗುಳಿಗೆಯೂ ಎಣ್ಣೆಯೂ ಒಟ್ಟಿಗೆ ಕಾಣುವುದಿಲ್ಲ.

ಇಲ್ಲಿ ಅಧ್ಯಯನ ಮಾಡುವವರು ಮೆಡಿಕಲ್ ಅಂಗಡಿಯಿಂದಲೇ ಶುರುಮಾಡಬೇಕು: ಬೇರೆ ಯಾವ ಗುಳಿಗೆ ನಡೆದಿದೆ, ಯಾವಾಗಿನಿಂದ, ಹೊಲದಲ್ಲಿ ಎಣ್ಣೆ ಹೊಡೆದದ್ದು ಯಾವತ್ತು? ಮನೆಯವರೂ ತಾವಾಗಿ ಗುಳಿಗೆ ನಿಲ್ಲಿಸದೆ, ಕೆಮ್ಮು ಶುರುವಾದ ದಿನವನ್ನು ಬರೆದಿಟ್ಟು ಗುಳಿಗೆ ಬರೆದ ಡಾಕ್ಟರಿಗೇ ಫೋನು ಮಾಡಲಿ.