ಕೋಟೆಯ ಚಿತ್ರ, ಗಡಿಯ ಬರಹ

ಬೀದರಿನ ಬರಹಗಾರರ ಬಗ್ಗೆ ನಮ್ಮ ಸಾಹಿತ್ಯ ವೇದಿಕೆಗಳಲ್ಲಿ ಒಂದು ತೀರ್ಪು ಬಹಳ ದಿನದಿಂದ ಚಲಾವಣೆಯಲ್ಲಿದೆ: ಹಾಳುಬಿದ್ದ ಕೋಟೆಯ ಹಳೆಯ ಚಿತ್ರಗಳೇ ಇವರ ಬಂಡವಾಳ, ಅದರಾಚೆ ಏನೂ ಇಲ್ಲ. ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಹಳೆಯ ಚಿತ್ರ ನೋಡಿ ಬರೆದರೆ ತಪ್ಪೇನು? ಸರಿಯಾಗಿ ನೋಡಿದವರು ಕಡಿಮೆ ಎಂದು ದೂರಿದ್ದರೆ ಒಪ್ಪುತ್ತಿದ್ದೆ.

ಅಮೆರಿಕದ ಪಶ್ಚಿಮ ಗಡಿಯ ಚಿತ್ರಗಳ ಮಾತು ಬಂದರೆ ಇದೇ ವಿಮರ್ಶಕರ ದನಿ ಮೆತ್ತಗಾಗುತ್ತದೆ. ಅಲ್ಲಿನ ಮೂಲನಿವಾಸಿಗಳ ಫೋಟೋಗಳನ್ನು ಎಡ್ವರ್ಡ್ ಕರ್ಟಿಸ್ 1907ರಿಂದ 1930ರವರೆಗೆ 20 ಸಂಪುಟಗಳಲ್ಲಿ ಪ್ರಕಟಿಸಿದ. ಪೀಗನ್ ಬುಡಕಟ್ಟಿನ ಡೇರೆಯೊಳಗೆ ಇಬ್ಬರು ಕೂತ ಒಂದು ಚಿತ್ರದಲ್ಲಿ ಅವರ ನಡುವೆ ಗಡಿಯಾರವಿತ್ತು. ಪುಸ್ತಕಕ್ಕೆ ಹೋಗುವಾಗ ಅದು ಅಳಿಸಿಹೋಯಿತು. ಗಡಿಯಾರ ಇಟ್ಟುಕೊಂಡ ಬುಡಕಟ್ಟಿನವರು ಕರ್ಟಿಸನ ಕತೆಗೆ ಒಗ್ಗಲಿಲ್ಲ.

ನಮಗೆ ಸಿಕ್ಕವರು ಗುಲಾಮ್ ಯಜ್ದಾನಿ. ನಿಜಾಮ್ ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಅವರ ಬೀದರ್ ಗ್ರಂಥ 1947ರಲ್ಲಿ ಬಂತು. ಫೋಟೋ, ನಕ್ಷೆ, ಶಾಸನಗಳ ಆ ಹೊತ್ತಿಗೆಯನ್ನು ನಾನು ಬಹಮನಿಗಳ ಮೇಲಿನ ಯಾವ ಕಾದಂಬರಿಗಿಂತಲೂ ಮೇಲಿಡುತ್ತೇನೆ. ಪಕ್ಷಪಾತ ಎನ್ನುವವರು ಎನ್ನಲಿ. ಬಹಮನಿ ಮಂತ್ರಿ ಮಹಮೂದ್ ಗವಾನನ ಮದರಸಾ ತೆಗೆದುಕೊಳ್ಳಿ. 1472ರ ಕಟ್ಟಡ. ಔರಂಗಜೇಬನ ಕಾಲದಲ್ಲಿ ಸ್ಫೋಟಕ್ಕೆ ಸಿಕ್ಕು ಮುಂಭಾಗ ಉರುಳಿ ಒಂದೇ ಮಿನಾರು ಉಳಿಯಿತು. ಅದರ ಮೈಮೇಲೆ ಬಣ್ಣದ ಬಿಲ್ಲೆಗಳ ಅಂಕುಡೊಂಕು ಪಟ್ಟಿಗಳು ಇನ್ನೂ ಇವೆ. ನಮ್ಮ ಕವಿಗಳು ಆ ಮಿನಾರಿನ ಮುಂದೆ ನಿಂತು, 1481ರಲ್ಲಿ ತಲೆ ಕೊಟ್ಟ ಗವಾನನಿಗಾಗಿ ಕಣ್ಣೀರಿಟ್ಟು ಹಿಂದಿರುಗುತ್ತಾರೆ. ಯಜ್ದಾನಿ ಒಳಗೆ ಕರೆದೊಯ್ಯುತ್ತಾರೆ: ಪಾಠದ ಹಜಾರ, ಗ್ರಂಥಾಲಯ, ವಿದ್ಯಾರ್ಥಿಗಳ ಕೋಣೆ. ಆ ಕೋಣೆಯ ಹುಡುಗ ಯಾವ ಊರಿನಿಂದ ಬಂದ, ರಾತ್ರಿ ಏನುಂಡ ಎಂದು ಕೇಳಿದ ಕನ್ನಡ ಕತೆಯನ್ನು ನಾನು ಓದಿಲ್ಲ. ಬೀದರಿನ ಪಕ್ಕದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಶಾ ವಲಿಯನ್ನು ಅಲ್ಲಮಪ್ರಭುವೆಂದೇ ನಂಬಿ ಉರುಸಿಗೆ ಬರುವ ಲಿಂಗಾಯತರನ್ನೂ ಜಂಗಮರನ್ನೂ ಯಜ್ದಾನಿ ಬಿಡಲಿಲ್ಲ. ಕರ್ಟಿಸ್ ಆಗಿದ್ದರೆ ಜಂಗಮರನ್ನು ಅಳಿಸುತ್ತಿದ್ದ.

ಗಡಿಗಳೂ ಬೇರೆ ಬೇರೆ. ಅಮೆರಿಕದ ಗಡಿ ವಲಸಿಗರ ಬಂಡಿಗಳ ಜತೆ ಪಶ್ಚಿಮಕ್ಕೆ ಸರಿಯಿತು. ಇಲ್ಲಿ ಜನ ಇದ್ದಲ್ಲೇ ಇದ್ದರು, 1956ರಲ್ಲಿ ರಾಜ್ಯಗಳ ಮರುವಿಂಗಡಣೆಯ ಗೆರೆ ಅವರ ನಡುವೆ ಹಾಯಿತು. ಉದಗೀರ, ನಿಲಂಗಾ ಒಂದು ಕಡೆ, ನಾರಾಯಣಖೇಡ ಇನ್ನೊಂದು ಕಡೆ. ಬೀದರ್, ಭಾಲ್ಕಿ, ಔರಾದ್ ಆಗಿನ ಮೈಸೂರು ರಾಜ್ಯಕ್ಕೆ. ಔರಾದಿನ ಸಂತೆಯಲ್ಲಿ ಮರಾಠಿ, ಕನ್ನಡ, ಉರ್ದು ಒಂದೇ ವ್ಯಾಪಾರದೊಳಗೆ ಬೆರೆಯುತ್ತವೆ. ಅದನ್ನು ಕಲಬೆರಕೆ ಎಂದು ಮೂಗು ಮುರಿಯುವ ಶುದ್ಧ ಕನ್ನಡದ ಅಭಿರುಚಿಯೂ ಗಡಿಯಾರ ಅಳಿಸುವ ಕೆಲಸವನ್ನೇ ಮಾಡುತ್ತದೆ. ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಸಮ್ಮೇಳನದ ಭಾಷಣಗಳಿಗೆ ಅದು ಬರೀ ಕನ್ನಡಾಭಿಮಾನದ ಕತೆ. ಆ ಬಾಗಿಲು ದಾಟಿದ ಮಗುವಿನ ತಲೆಯಲ್ಲಿ ಎರಡು ಲಿಪಿಗಳು ಹೇಗೆ ಒಟ್ಟಿಗಿದ್ದವು ಎಂದು ಯಾರೂ ಕೇಳುವುದಿಲ್ಲ. ಕೋಟೆಯ ಯಾವ ಬುರುಜಿಗಿಂತಲೂ ದೊಡ್ಡ ಕಾದಂಬರಿ ಆ ಹೊಸ್ತಿಲಲ್ಲಿದೆ.

ಬೀದರಿನ ಎಳೆಯ ಬರಹಗಾರರಲ್ಲಿ ನನ್ನ ಕೋರಿಕೆ ಇಷ್ಟೇ: ಕೋಟೆಯ ಮೇಲೆ ಇನ್ನೊಂದು ಪದ್ಯ ಬರೆಯುವ ಮೊದಲು ಯಜ್ದಾನಿಯವರ ನಕ್ಷೆ ಹಿಡಿದು ಮದರಸಾದ ಕೋಣೆಗಳನ್ನು ಸುತ್ತಿ, ಅಷ್ಟೂರಿನ ಉರುಸಿಗೆ ಹೋಗಿ.