ಕಾಳಗದ ಹಿಂದಿನ ಕೈಗಳು

ಈಚೆಗೆ ಒಂದು ಭಾನುವಾರ ಭದ್ರಾವತಿಯಲ್ಲಿ ಮಿತ್ರರೊಬ್ಬರ ಮನೆಗೆ ಹೋಗಿದ್ದೆ. ಅವರ ಮಗ ‘ಸ್ಟ್ರೀಟ್ ಫೈಟರ್’ ಎಂಬ ಹಳೆಯ ವಿಡಿಯೋ ಗೇಮಿನಲ್ಲಿ ಮುಳುಗಿದ್ದ. ತೆರೆಯ ಮೇಲೆ ಇಬ್ಬರು ಜಟ್ಟಿಗಳು ಬಡಿದಾಡುತ್ತಿದ್ದರು. ನಾನು ನೋಡುವುದನ್ನು ಬಿಟ್ಟು ಕೇಳತೊಡಗಿದೆ. ಒಬ್ಬನ ಕಸುವು ಕುಂದಿ ಸೋಲು ಸಮೀಪಿಸಿದಂತೆ ಹಿನ್ನೆಲೆಯ ಸಂಗೀತ ಇದ್ದಕ್ಕಿದ್ದಂತೆ ಚುರುಕಾಯಿತು. ಯಕ್ಷಗಾನದ ಯುದ್ಧಸನ್ನಿವೇಶದಲ್ಲಿ ಭಾಗವತರು ಲಯ ಏರಿಸಿ ಚಂಡೆಗೆ ದಾರಿ ಬಿಟ್ಟುಕೊಡುತ್ತಾರಲ್ಲ, ಹಾಗೆ! “ಈ ಸಂಗೀತ ಯಾರದಪ್ಪಾ?” ಎಂದು ಕೇಳಿದೆ. “ಯಾರದೂ ಅಲ್ಲ ಅಂಕಲ್, ಅದು ಗೇಮಲ್ಲೇ ಬರುತ್ತೆ” ಎಂದ.

ಹುಡುಗನ ಮಾತು ನನ್ನನ್ನು ಶಿವಮೊಗ್ಗದವರೆಗೂ ಹಿಂಬಾಲಿಸಿಕೊಂಡು ಬಂತು. ಸಂಗೀತ ತಾನಾಗಿ ಬರುವುದಿಲ್ಲ. 1991ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆ ಹೊರತಂದ ‘ಸ್ಟ್ರೀಟ್ ಫೈಟರ್ 2’ರ ಸಂಗೀತದಲ್ಲಿ ಬಹುಭಾಗ ಯೋಕೋ ಶಿಮೊಮುರಾ ಎಂಬ ತರುಣಿಯದು, ಕೆಲವು ಭಾಗ ಇಸಾವೊ ಆಬೆ ಅವರದು. ಆ ಯಂತ್ರದಲ್ಲಿ ಇದ್ದದ್ದು ಎಂಟು ಕೃತಕ ಸ್ವರಗಳು, ಮುದ್ರಿಸಿಟ್ಟ ಸದ್ದಿಗೆ ನಾಲ್ಕು ದಾರಿಗಳು, ಅಷ್ಟೆ. ಅಷ್ಟರಲ್ಲೇ ಒಬ್ಬೊಬ್ಬ ಜಟ್ಟಿಗೂ ಅವನ ದೇಶದ್ದೆಂದು ತೋರುವ ಒಂದೊಂದು ಧಾಟಿಯನ್ನು ಕಟ್ಟಬೇಕಿತ್ತು. ಕಟ್ಟಿದರು. ಭಾರತದ ಯೋಗಿಯೆಂದು ನಿಲ್ಲಿಸಿರುವ ಧಾಲ್ಸಿಮ್‌ನ ಧಾಟಿಯಲ್ಲಿ ನನಗೆ ಕೇಳಿಸಿದ್ದು ಭಾರತವಲ್ಲ, ಭಾರತವನ್ನು ಕುರಿತ ದೂರದವರ ಕನಸು. ಆದರೂ ಸಪ್ಪೆಯ ಕನಸಲ್ಲ. ಆಟದ ಕೊನೆಯಲ್ಲಿ ಬರುವ ಹೆಸರುಗಳಾದರೂ ನಿಜವೇ? ಅಲ್ಲ, ಅಡ್ಡಹೆಸರುಗಳು. ಶಿಮೊಮುರಾ ಅಲ್ಲಿ ಬರಿಯ ‘ಶಿಮೊ-ಪಿ’.

ಜಪಾನಿನವರನ್ನು ಆಕ್ಷೇಪಿಸುವ ಮೊದಲು ನಮ್ಮ ಮನೆಯ ಕಡೆ ನೋಡೋಣ. ಕನ್ನಡದಲ್ಲಿಯೂ ಹೊಡೆದಾಟದ ಒಂದು ಸರಣಿಯುಂಟು. ದೊರೈ-ಭಗವಾನ್ ಜೋಡಿ ರಾಜಕುಮಾರ್ ಅವರನ್ನು ಪತ್ತೇದಾರ ಸಿಐಡಿ 999 ಆಗಿ ನಿಲ್ಲಿಸಿ ತೆಗೆದ ‘ಜೇಡರ ಬಲೆ’ (1968), ‘ಗೋವಾದಲ್ಲಿ ಸಿಐಡಿ 999’ (1968), ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’ (1969), ‘ಆಪರೇಷನ್ ಡೈಮಂಡ್ ರಾಕೆಟ್’ (1978). ನಾಲ್ಕಕ್ಕೂ ಸಂಗೀತ ಜಿ. ಕೆ. ವೆಂಕಟೇಶ್ ಅವರದು. 1966ರಲ್ಲಿ, ಅನಕೃ ಅವರ ಕಾದಂಬರಿಯನ್ನಾಧರಿಸಿದ ‘ಸಂಧ್ಯಾರಾಗ’ಕ್ಕೆ ಭೀಮಸೇನ ಜೋಶಿ, ಬಾಲಮುರಳೀಕೃಷ್ಣರಂಥವರ ಕಂಠದಿಂದ ಹಾಡಿಸಿದವರೂ ಇದೇ ವೆಂಕಟೇಶ್. ಎರಡೇ ವರ್ಷದಲ್ಲಿ ತಂಬೂರಿಯ ಶ್ರುತಿಯಿಂದ ಪಿಸ್ತೂಲಿನ ಸದ್ದಿಗೆ ಬರುವುದೆಂದರೆ ಸಾಮಾನ್ಯವೇ? ಇದನ್ನು ಪತನವೆಂದು ಕರೆಯುವ ಶುದ್ಧರಸಿಕರುಂಟು. ನಾನು ಒಪ್ಪಲಾರೆ. ಕಾಳಗಕ್ಕೂ ಅದರದೇ ಆದ ಔಚಿತ್ಯವಿದೆ. ಹೊಡೆದಾಟದ ಎಷ್ಟೋ ಚಿತ್ರಗಳಲ್ಲಿ ಮೊದಲ ಏಟಿಗೇ ತುತ್ತೂರಿಗಳೆಲ್ಲ ಒಟ್ಟಿಗೆ ಕೂಗಿಬಿಡುತ್ತವೆ. ಕೊನೆಯ ಏಟಿಗೆ ಏನೂ ಉಳಿಯುವುದಿಲ್ಲ. ಏರುವುದಕ್ಕೆ ಜಾಗ ಉಳಿಸಿಕೊಳ್ಳುವವನೇ ವೀರರಸವನ್ನು ಬಲ್ಲವನು.

ಈ ಸರಣಿಗೆ ಮಾದರಿಯಾದ ಜೇಮ್ಸ್ ಬಾಂಡ್ ಚಿತ್ರಗಳ ಕಥೆಯೂ ಇಲ್ಲಿ ನೆನಪಾಗುತ್ತದೆ. 1962ರ ‘ಡಾಕ್ಟರ್ ನೋ’ದಲ್ಲಿ ಮೊದಲು ಕೇಳಿದ ಆ ಪ್ರಸಿದ್ಧ ಧಾಟಿಯನ್ನು ರಚಿಸಿದವರು ಮಾಂಟಿ ನಾರ್ಮನ್. ನೈಪಾಲರ ‘ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್’ ಕಾದಂಬರಿಯ ಮೇಲೆ ರೂಪಿಸಿ ರಂಗಕ್ಕೇರದೆ ಉಳಿದ ಗೀತನಾಟಕವೊಂದರ ಹಾಡು ಅದರ ಮೂಲ; ಅಂದರೆ ಬಾಂಡನ ಬೆನ್ನ ಹಿಂದೆ ಟ್ರಿನಿಡಾಡಿನ ಭಾರತೀಯನೊಬ್ಬ ನಿಂತಿದ್ದಾನೆ! ಅದಕ್ಕೆ ಗಿಟಾರು, ತುತ್ತೂರಿಗಳ ಮೈ ಕೊಟ್ಟವರು ಜಾನ್ ಬ್ಯಾರಿ. ಧಾಟಿ ಯಾರದೆಂಬ ವಿವಾದ ಲಂಡನ್ನಿನ ನ್ಯಾಯಾಲಯಕ್ಕೆ ಹೋಗಿ, 2001ರಲ್ಲಿ ನಾರ್ಮನ್ ಗೆದ್ದರು. ತೀರ್ಪು ನ್ಯಾಯವೇ. ಆದರೆ ಬ್ಯಾರಿಯ ವಾದ್ಯಗಳನ್ನು ಕಳೆದು ಆ ಧಾಟಿಯನ್ನು ಗುನುಗಿ ನೋಡಿ. ಬಾಂಡ್ ಅರ್ಧ ಮಾಯವಾಗುತ್ತಾನೆ. ಧಾಟಿ ಕೊಟ್ಟವನು ಸಂಗೀತ ನಿರ್ದೇಶಕ. ಯಾವ ವಾದ್ಯ ಎಲ್ಲಿ ನುಡಿಯಬೇಕು, ಎಲ್ಲಿ ಸುಮ್ಮನಿರಬೇಕು ಎಂದು ಬರೆದುಕೊಡುವವನು ಅರೇಂಜರ್. ಬೀಜ ಒಬ್ಬರದು, ಬೇಸಾಯ ಇನ್ನೊಬ್ಬರದು.

ವೆಂಕಟೇಶ್ ಅವರ ಬಳಿ ಸಹಾಯಕರಾಗಿ ದುಡಿದವರಲ್ಲಿ ಇಳಯರಾಜಾ ಒಬ್ಬರು, ಎಲ್. ವೈದ್ಯನಾಥನ್ ಇನ್ನೊಬ್ಬರು. ಇಳಯರಾಜಾ ಅವರ ಹೆಸರನ್ನು ಲೋಕವೇ ಬಲ್ಲದು. ವೈದ್ಯನಾಥನ್? ಶಂಕರನಾಗ್ 1980ರ ದಶಕದಲ್ಲಿ ನಮ್ಮ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಸಂಗೀತ ಅವರದು. ಅದರ ಆರಂಭದ ರಾಗವನ್ನು ನನ್ನ ತರಗತಿಯಲ್ಲಿ ಯಾರು ಬೇಕಾದರೂ ಗುನುಗುತ್ತಾರೆ. ಕಟ್ಟಿದವರ ಹೆಸರನ್ನು ಹೇಳಬಲ್ಲವರನ್ನು ನಾನು ಇನ್ನೂ ಕಂಡಿಲ್ಲ.

ಇದೆಲ್ಲ ದೊಡ್ಡವರ ಮಾತಾಯಿತು. ನಾನು ಹುಡುಗನಾಗಿದ್ದಾಗ ಭದ್ರಾವತಿಯ ನಮ್ಮ ಬೀದಿಯಲ್ಲಿ ಕಾರ್ಖಾನೆಯ ಕೆಲಸಗಾರರೊಬ್ಬರಿದ್ದರು. ರಾತ್ರಿ ಪಾಳಿ ಮುಗಿಸಿ ಬಂದು, ರೇಡಿಯೋಕ್ಕೆ ಕಿವಿ ಹಚ್ಚಿ, ಗಣಪತಿ ಹಬ್ಬದ ವಾದ್ಯಗೋಷ್ಠಿಗೆಂದು ಪಿಟೀಲಿಗಿಷ್ಟು, ಕೊಳಲಿಗಿಷ್ಟು, ಅಕಾರ್ಡಿಯನ್ನಿಗಿಷ್ಟು ಎಂದು ಸ್ವರ ಬರೆಯುತ್ತಿದ್ದರು. ಭಿತ್ತಿಪತ್ರದಲ್ಲಿ ಹಾಡುವವರ ಹೆಸರು ಇರುತ್ತಿತ್ತು, ಅವರದು ಇರುತ್ತಿರಲಿಲ್ಲ. “ಹಾಡು ನಿಂತರೆ ಸಾಕಲ್ಲಯ್ಯ, ನನ್ನ ಹೆಸರು ಯಾಕೆ?” ಎನ್ನುತ್ತಿದ್ದರು. ಆಗ ಅದು ನನಗೆ ದೊಡ್ಡತನವಾಗಿ ಕಂಡಿತ್ತು. ಈಗ ಯೋಚಿಸಿದರೆ, ಕೇಳಿದರೂ ಸಿಗದೆಂದು ತಿಳಿದವರ ಮಾತೂ ಇರಬಹುದೆನ್ನಿಸುತ್ತದೆ. ಅವರು ತೀರಿಕೊಂಡ ಮೇಲೆ ಆ ಸ್ವರದ ಪುಸ್ತಕಗಳು ಏನಾದುವೆಂದು ವಿಚಾರಿಸಿದೆ. ಹಳೆಯ ಪೇಪರಿನವನಿಗೆ ಹೋದುವಂತೆ.

ಪಂಪನ ಯುದ್ಧವರ್ಣನೆಯನ್ನು ಪಾಠ ಹೇಳುವಾಗ ಕವಿಯ ಹೆಸರನ್ನು ಬಿಟ್ಟು ಹೇಳಿದರೆ ವಿದ್ಯಾರ್ಥಿಗಳೂ ನಗುತ್ತಾರೆ. ಸಂಗೀತದ ವಿಷಯದಲ್ಲಿ ಮಾತ್ರ ಆ ಅಜ್ಞಾನ ನಮಗೆ ಸಹಜವಾಗಿಬಿಟ್ಟಿದೆ. ಯಕ್ಷಗಾನದಲ್ಲಿ ಹಿಮ್ಮೇಳ ರಂಗದ ಮೇಲೆಯೇ, ಎಲ್ಲರ ಕಣ್ಣಿಗೂ ಬೀಳುವಂತೆ ಕುಳಿತಿರುತ್ತದೆ. ಅಲ್ಲಿ ‘ಅದು ಆಟದಲ್ಲೇ ಬರುತ್ತೆ’ ಎಂದು ಯಾವ ಮಗುವೂ ಹೇಳದು. ಮುಂದಿನ ಸಲ ಭದ್ರಾವತಿಗೆ ಹೋದಾಗ ಆ ಹುಡುಗನಿಗೆ ಶಿಮೊಮುರಾ ಅವರ ಹೆಸರನ್ನು ಬರೆದುಕೊಡಬೇಕೆಂದಿದ್ದೇನೆ. ಅದರ ಕೆಳಗೆ ವೈದ್ಯನಾಥನ್ ಅವರದನ್ನೂ, ನಮ್ಮ ಬೀದಿಯವರದನ್ನೂ.